ಕೇಳಿ, ಮಾತಾಡೋಣ: ಕಾಲೇಜಿನವರು ಮತ್ತೆ ಸಿಕ್ಕಾಗ

ಹೋದ ತಿಂಗಳು ಇದೇ ಅಂಕಣದಲ್ಲಿ ಕಾಲೇಜಿನ ಹಳೇ ಗೆಳತಿ ಮೂವತ್ತು ವರ್ಷ ಆದ್ಮೇಲೆ ಫೋನ್ ಮಾಡಿದ್ರೆ ಏನು ಮಾತಾಡೋದು ಅಂತ ಒಬ್ರು ಕೇಳಿದ್ರು, ಅದಕ್ಕೆ ನಾಲ್ಕು ಸಾಲು ಬರ್ದಿದ್ದೆ ಅಷ್ಟೆ. ಅದನ್ನ ಓದಿ ಮುಂಬಯಿ, ಪುಣೆ, ಗೋವಾ ಕಡೆಯಿಂದ ಪತ್ರಗಳು ಬರೋಕೆ ಶುರುವಾದವು, ಇನ್ನೂ ಬರ್ತಾನೇ ಇವೆ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದೇ ವಿಷಯಕ್ಕೆ. ಎಂಬತ್ತರ ದಶಕದಲ್ಲಿ ಡಿಗ್ರಿ ಮುಗಿಸಿದೋರು ಈಗ ರಿಟೈರ್ ಆಗೋ ಹೊತ್ತು, ಕೈಯಲ್ಲಿ ಸ್ವಲ್ಪ ಟೈಮಿದೆ, ಫೋನಿದೆ, ಹಾಗಾಗಿ ಎಲ್ಲಾ ಕಡೆ ವಾಟ್ಸಾಪ್ ಗ್ರೂಪ್ ಆಗ್ತಿವೆ. ಹೆಸರು ಹಾಕ್ಬೇಡಿ ಅಂತ ಬಹಳ ಜನ ಕೇಳ್ಕೊಂಡಿದಾರೆ, ಅದಕ್ಕೆ ಯಾರದ್ದೂ ಹಾಕಿಲ್ಲ, ಊರಷ್ಟೇ ಹಾಕಿದೀನಿ.

ಅಕ್ಕಾ, ನಮಸ್ಕಾರ. ನಾ ಧಾರವಾಡದಾಗ ಬಿಎ ಮಾಡಿದಾಕಿ, 1987ರ ಬ್ಯಾಚು. ಮದುವಿ ಆಗಿ ಇಲ್ಲಿಗೆ ಬಂದಮ್ಯಾಲೆ ಯಾರದ್ದೂ ಸುದ್ದಿ ಇರಲಿಲ್ಲ. ದೀಪಾವಳಿ ಹೊತ್ತಿಗೆ ಯಾರೋ ನನ್ನ ನಂಬರ್ ಹುಡುಕಿ ಗ್ರೂಪಿಗೆ ಹಾಕ್ಯಾರ. ಮೊದಲನೇ ದಿನ ಭಾಳ ಖುಷಿ ಆತು. ಆಮ್ಯಾಲೆ ಅಡ್ಮಿನ್ ಒಂದು ಫಾರ್ಮ್ಯಾಟ್ ಹಾಕಿದ್ರು, ಹೆಸರು, ಹುದ್ದೆ, ಯಜಮಾನರ ಹುದ್ದೆ, ಮಕ್ಕಳು ಎಲ್ಲಿ ಸೆಟಲ್ ಅಂತ. ಎಲ್ಲಾರೂ ಪಟಪಟ ತುಂಬ್ಯಾರ, ಒಬ್ರು ತಹಶೀಲ್ದಾರ್ ಆಗಿ ರಿಟೈರ್, ಒಬ್ಬಾಕಿ ಮಗಳು ಟೆಕ್ಸಾಸ್‌ನಾಗ. ನಮ್ಮ ಯಜಮಾನ್ರು 2021ರ ಏಪ್ರಿಲ್‌ನಾಗ ಕೊರೋನಾದಾಗ ಹೋದ್ರು. ನಾ ಮನ್ಯಾಗ ಚಪಾತಿ, ಭಕ್ಕರಿ ಮಾಡಿ ಸ್ಟೇಷನ್ ಹತ್ರದ ಪೋಳಿ-ಭಾಜಿ ಕೇಂದ್ರಕ್ಕ, ಅಂದ್ರ ಚಪಾತಿ-ಪಲ್ಯ ಮಾರೋ ಅಂಗಡಿಗೆ ಕೊಡ್ತೀನಿ. ಮಗ ಓದು ಅರ್ಧಕ್ಕ ಬಿಟ್ಟು ಕೊರಿಯರ್ ಕೆಲಸಕ್ಕ ಹೊಂಟಾನ. ಜನವರ್ಯಾಗ ಧಾರವಾಡದಾಗ ಸ್ನೇಹ ಸಮ್ಮೇಳನ ಇಟ್ಟಾರ, ಹೆಣ್ಮಕ್ಕಳಿಗೆಲ್ಲಾ ಉಡಿ ತುಂಬೋದೂ ಅದ ಅಂತ. ನಾ ಏನ್ ಬರೀಲಿ? ಹೋಗ್ಲೋ ಬ್ಯಾಡೋ? ಡೊಂಬಿವಿಲಿ

ನೋಡವ್ವಾ, ನಾನೂ ಆ ಕಡೆಯವಳೇ, ನಿನ್ನ ಪತ್ರ ಓದಿ ಒಂದಿಷ್ಟು ಹೊತ್ತು ಸುಮ್ನೆ ಕೂತಿದ್ದೆ. ಮೊದಲನೇ ಮಾತು, ಆ ಫಾರ್ಮ್ಯಾಟ್ ತುಂಬಲೇಬೇಕು ಅಂತ ಯಾರೂ ನಿನಗೆ ಆರ್ಡರ್ ಕೊಟ್ಟಿಲ್ಲ. ಅದು ಅಡ್ಮಿನ್ನು ಸಲೀಸಾಗ್ಲಿ ಅಂತ ಮಾಡಿದ್ದು, ಅವರಿಗೆ ಕೆಟ್ಟ ಉದ್ದೇಶ ಏನೂ ಇರೋಲ್ಲ, ಆದ್ರೆ ಅದರಲ್ಲಿರೋ ನಾಲ್ಕಕ್ಕೆ ಮೂರು ಪ್ರಶ್ನೆ ನಿನ್ನ ಬಗ್ಗೆ ಅಲ್ವೇ ಅಲ್ಲ, ಗಂಡ ಏನು, ಮಕ್ಕಳು ಎಲ್ಲಿ, ಕುರ್ಚಿ ಯಾವುದು ಅನ್ನೋದು. ಕ್ಲಾಸಲ್ಲಿ ನಿನ್ನ ಪಕ್ಕ ಕೂತೋಳಿಗೆ ನಿನ್ನ ಗಂಡನ ಹುದ್ದೆ ತಗೊಂಡು ಏನಾಗ್ಬೇಕು? ಅವಳಿಗೆ ನೀನು ಬೇಕು.

ಹಾಗಾಗಿ ನೀನು ಗ್ರೂಪಲ್ಲಿ ಬರೀಬೇಡ, ಮೊದಲು ಒಬ್ಬಾಕಿಗೆ ಫೋನ್ ಮಾಡು. ಹಾಸ್ಟೆಲಲ್ಲಿ ರೂಮಲ್ಲಿ ಜೊತೆಗಿದ್ದೋಳೋ, ನೋಟ್ಸ್ ಕೊಡ್ತಿದ್ದೋಳೋ, ಯಾರು ನೆನಪಾದ ಕೂಡ್ಲೇ ಮನಸ್ಸು ಹಗುರ ಆಗುತ್ತೋ ಅವಳಿಗೆ. ಮಧ್ಯಾಹ್ನ ನಿನ್ನ ಚಪಾತಿ ಡೆಲಿವರಿ ಮುಗಿದ ಮೇಲೆ, ಅರ್ಧ ಗಂಟೆ ಬಿಡುವು ಇಟ್ಕೊಂಡು. ಅವಳಿಗೆ ಎಲ್ಲಾ ಹೇಳು. ನೀನು ಅಳ್ತೀ, ಅವಳೂ ಅಳ್ತಾಳೆ, ಆಗ್ಲಿ. ಆಮೇಲೆ ಗ್ರೂಪಿಗೆ ನಿನ್ನ ಪರವಾಗಿ ಹೇಳೋಕೆ ಅವಳಿಗೇ ಹೇಳು, ಅಥವಾ ನೀನೇ ಎರಡು ಸಾಲು ಹಾಕು: "ಯಜಮಾನ್ರು 2021ರಲ್ಲಿ ತೀರಿಕೊಂಡ್ರು. ನಾನು ಡೊಂಬಿವಿಲಿಯಲ್ಲಿ ಅಡುಗೆ ಆರ್ಡರ್ ಮಾಡ್ತೀನಿ, ಮಗ ಜೊತೆಗಿದಾನೆ. ನಿಮ್ಮನ್ನೆಲ್ಲಾ ನೋಡಿ ಖುಷಿ ಆಯ್ತು." ಅಷ್ಟು ಸಾಕು, ಒಂದಕ್ಷರ ಜಾಸ್ತಿ ಬೇಡ, ಮಗ ಓದು ಬಿಟ್ಟಿದ್ದಕ್ಕೆ ಕಾರಣ ಕೊಡೋದು ಬೇಡ, "ಏನೋ ಹೀಗೇ ನಡೀತಿದೆ" ಅಂತ ನಿನ್ನ ಕೆಲಸಾನ ನೀನೇ ಸಣ್ಣದು ಮಾಡ್ಕೊಳ್ಳೋದೂ ಬೇಡ. ಬೆಳಗಿನ ಜಾವ ಎದ್ದು ಹಿಟ್ಟು ನಾದಿ ಲೋಕಲ್ ಹಿಡಿದು ಹೋಗೋ ಜನರ ಡಬ್ಬಿ ತುಂಬೋ ಕೆಲಸ ಅದು, ಅದರ ಮೇಲೆ ಒಂದು ಮನೆ ನಿಂತಿದೆ.

ಇನ್ನು ಉಡಿ ತುಂಬೋ ವಿಷಯ. ಇದನ್ನ ನಿನಗಲ್ಲ, ಸಮ್ಮೇಳನ ಮಾಡ್ತಿರೋ ಎಲ್ಲಾ ಬ್ಯಾಚಿನವರಿಗೂ ಹೇಳ್ತಿದೀನಿ, ದಯವಿಟ್ಟು ಕಿವಿಗೆ ಹಾಕ್ಕೊಳ್ಳಿ. ಅರವತ್ತರ ಹತ್ತಿರ ಬಂದಿರೋ ಕ್ಲಾಸದು, ಅದರಲ್ಲಿ ಗಂಡನ್ನ ಕಳ್ಕೊಂಡೋರು ಇದ್ದೇ ಇರ್ತಾರೆ, ಕೊರೋನಾ ಆದ್ಮೇಲಂತೂ ಕೇಳ್ಬೇಡಿ, ಮದುವೆ ಆಗ್ದೇ ಇರೋರು ಇರ್ತಾರೆ, ಗಂಡನ್ನ ಬಿಟ್ಟು ಬಂದೋರು ಇರ್ತಾರೆ. ಸ್ಟೇಜಿನ ಮೇಲೆ ಒಬ್ಬೊಬ್ಬರನ್ನೇ ಕರೆದು ಕುಂಕುಮ ಹಚ್ಚಿ ಉಡಿ ತುಂಬುವಾಗ ಒಬ್ಬಾಕಿ ಹಿಂದಿನ ಸಾಲಲ್ಲಿ ಕೂತ್ಕೊಂಡು ಚೀಲದಲ್ಲಿ ಏನೋ ಹುಡುಕೋ ಹಾಗೆ ತಲೆ ತಗ್ಗಿಸಿರ್ತಾಳೆ, ನಾನು ಇದನ್ನ ಮದುವೆ ಮನೆಗಳಲ್ಲಿ ಎಷ್ಟೋ ಸಲ ನೋಡಿದೀನಿ. ಕಾಲೇಜಿನ ಗೆಳತಿಯರು ಸೇರೋ ಜಾಗದಲ್ಲಿ ಅದು ಆಗಬಾರದು. ತುಂಬಿದ್ರೆ ಎಲ್ಲರಿಗೂ ತುಂಬಿ, ಯಾರು ಮುತ್ತೈದೆ ಯಾರಲ್ಲ ಅಂತ ನೋಡ್ದೇ, ಇಲ್ಲಾಂದ್ರೆ ಆ ಕಾರ್ಯಕ್ರಮಾನೇ ಬಿಡಿ, ಎಲ್ಲರ ಕೈಗೂ ಒಂದು ಪುಸ್ತಕ, ಒಂದು ಗುಳೇದಗುಡ್ಡದ ಖಣ, ಒಂದು ಡಬ್ಬಿ ಧಾರವಾಡ ಪೇಢಾ ಕೊಡಿ. ತಂಗಿ, ಫೋನ್ ಮಾಡಿದಾಗ ನಿನ್ನ ಗೆಳತಿಗೆ ಇದನ್ನೂ ಹೇಳು, ಸಂಘಟಕರ ಹತ್ರ ಅವಳು ಮಾತಾಡ್ಲಿ, ನೀನೇ ಹೋಗಿ ಕೇಳೋ ಪರಿಸ್ಥಿತಿ ಬರೋದು ಬೇಡ. ಎಲ್ಲರಿಗೂ ಅಂತ ಆದ್ರೆ ಹೋಗು, ಖಂಡಿತ ಹೋಗು. ಹೋಗೋವಾಗ ನಿನ್ನ ಕೈಯಾರೆ ಮಾಡಿದ ಭಕ್ಕರಿ, ಶೇಂಗಾ ಚಟ್ನಿ ಕಟ್ಕೊಂಡು ಹೋಗು.

ಅಡ್ಮಿನ್‌ಗಳಿಗೆ ಇನ್ನೊಂದು ಮಾತು. ಆ ಫಾರ್ಮ್ಯಾಟ್ ಬದ್ಲಿಗೆ "ಯಾವ ಬೆಂಚಲ್ಲಿ ಕೂರ್ತಿದ್ರಿ, ಯಾವ ಮೇಷ್ಟ್ರ ಕ್ಲಾಸು ನೆನಪಿದೆ, ಈಗ ಯಾವ ಊರಲ್ಲಿದೀರಿ" ಅಂತ ಕೇಳಿ ನೋಡಿ, ಮೂರು ತಿಂಗಳಿಂದ ಬಾಯಿ ಬಿಡದೇ ಇದ್ದೋರು ಪುಟಗಟ್ಟಲೆ ಬರೀತಾರೆ. ಮತ್ತೆ ಯಾರಾದ್ರೂ ಸಾವಿನ ಸುದ್ದಿ ಹಾಕಿದ್ರೆ ಸಾಲಾಗಿ ಕೈಮುಗಿಯೋ ಚಿತ್ರ ಹಾಕಿ, ಹತ್ತು ನಿಮಿಷಕ್ಕೆ ಗುಡ್ ಮಾರ್ನಿಂಗ್ ಹೂವು ಹಾಕೋದನ್ನ ನಿಲ್ಲಿಸಿ. ಆ ದಿನ ಗ್ರೂಪು ಸುಮ್ಮನಿರ್ಲಿ. ಹತ್ತಿರದಲ್ಲಿರೋ ಇಬ್ರು ಮನೆಗೆ ಹೋಗಿ ಬರ್ಲಿ, ದೂರ ಇರೋರು ಫೋನ್ ಮಾಡ್ಲಿ.

ನಮ್ಮ ಗ್ರೂಪಲ್ಲಿ ದಿನಾ ರಾಜಕೀಯದ ಜಗಳ, ಫಾರ್ವರ್ಡು. ಬಿಟ್ಟು ಹೋಗೋಣ ಅನ್ಸುತ್ತೆ, ಆದ್ರೆ ಗೆಳೆಯರ ಸುದ್ದಿ ತಪ್ಪಿ ಹೋಗುತ್ತಲ್ಲಾ? ಠಾಣೆ

ಬಿಡಬೇಡಿ. ಅಡ್ಮಿನ್ ಹತ್ರ ಮಾತಾಡಿ ಇನ್ನೊಂದು ಗ್ರೂಪ್ ಮಾಡಿಸಿ, ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕೋ ಸೆಟ್ಟಿಂಗ್ ಇದೆಯಲ್ಲಾ, ಅದನ್ನ ಆನ್ ಮಾಡಿ ಅಲ್ಲಿ ಮದುವೆ, ಸಾವು, ಆಸ್ಪತ್ರೆ, ಭೇಟಿ ಇಷ್ಟೇ ಸುದ್ದಿ. ಜಗಳ ಮಾಡೋರು ಹಳೇದ್ರಲ್ಲಿ ಮಾಡ್ಕೊಳ್ಳಲಿ, ಅದನ್ನ ಮ್ಯೂಟ್ ಮಾಡಿ.

ಮೇಡಂ, ನಾವು 1984ರಲ್ಲಿ ಬಿಎಸ್ಸಿ ಮುಗಿಸಿದ ಬ್ಯಾಚು, ಬಾಗಲಕೋಟೆ ಕಡೆಯ ಕಾಲೇಜು. ನಾನೀಗ ಪುಣೆಯಲ್ಲಿ ಇದ್ದೀನಿ, ರಿಟೈರ್ ಆದ ಮೇಲೆ ಎಲ್ಲರನ್ನೂ ಹುಡುಕೋ ಕೆಲಸ ನಾನೇ ವಹಿಸ್ಕೊಂಡೆ. ಹುಡುಗರು ಹೆಚ್ಚುಕಮ್ಮಿ ಎಲ್ರೂ ಸಿಕ್ಕಿದ್ರು. ಹುಡುಗಿಯರು ಸಿಗ್ತಾನೇ ಇಲ್ಲ. ಫೇಸ್‌ಬುಕ್‌ನಲ್ಲಿ ಹಳೇ ಹೆಸರು ಹಾಕಿ ಹುಡುಕಿದ್ರೆ ಯಾರ್ಯಾರೋ ಬರ್ತಾರೆ. ಏನಾದ್ರೂ ದಾರಿ ಇದ್ಯಾ? ಕೊಥ್ರೂಡ್, ಪುಣೆ

ನಿಮ್ಮ ಪತ್ರ ನಂಗೆ ಬಹಳ ಇಷ್ಟ ಆಯ್ತು ಸರ್, ಯಾಕಂದ್ರೆ ಬಹಳ ಬ್ಯಾಚಿನಲ್ಲಿ ಹುಡುಗರು ಸಿಕ್ಕ ಕೂಡ್ಲೇ "ಕ್ಲಾಸ್ ಕಂಪ್ಲೀಟ್" ಅಂತ ಕೇಕ್ ಕತ್ತರಿಸಿಬಿಡ್ತಾರೆ. ಹೆಣ್ಮಕ್ಕಳು ಸಿಗ್ದೇ ಇರೋದಕ್ಕೆ ಕಾರಣ ನಿಮಗೂ ಗೊತ್ತಿರುತ್ತೆ, ಅಡ್ಡಹೆಸರು ಬದ್ಲಾಗಿದೆ, ಅಷ್ಟೇ ಅಲ್ಲ, ನಮ್ಮ ಉತ್ತರ ಕರ್ನಾಟಕದಲ್ಲಿ, ಮಹಾರಾಷ್ಟ್ರದಲ್ಲಿ ಎಷ್ಟೋ ಮನೇಲಿ ಮದುವೇಲಿ ಹೆಸರೇ ಬದ್ಲಾಯಿಸೋ ಪದ್ಧತಿ, ಅಕ್ಕಿಯಲ್ಲಿ ಹೊಸ ಹೆಸರು ಬರೆಸಿಬಿಡ್ತಾರೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿದ್ದೋಳು ಸೊಲ್ಲಾಪುರದಲ್ಲೋ ಸಾಂಗ್ಲಿಯಲ್ಲೋ ಪೂರ್ತಿ ಬೇರೆ ಹೆಸರಲ್ಲಿ ನಲವತ್ತು ವರ್ಷದಿಂದ ಇರ್ತಾಳೆ, ಫೇಸ್‌ಬುಕ್‌ಗೆ ಅದು ಹೇಗೆ ಗೊತ್ತಾಗ್ಬೇಕು?

ಹುಡುಕೋಕೆ ಒಳ್ಳೇ ಜಾಗ ಅಂದ್ರೆ ಆಟೋಗ್ರಾಫ್ ಪುಸ್ತಕ. ಆ ಕಾಲದಲ್ಲಿ ಫೈನಲ್ ಇಯರ್ ಕೊನೇ ವಾರ ಎಲ್ಲರ ಕೈಲೂ ಒಂದೊಂದು ಇರ್ತಿತ್ತು, ಗುಲಾಬಿ, ಹಳದಿ, ತಿಳಿ ಹಸಿರು ಹಾಳೆಯದು, ಮೇಲೆ "ಮರೆತರೂ ಮರೆಯದಿರು" ತರದ ಎರಡು ಸಾಲು, ಕೆಳಗೆ ಮೂಲೆಯಲ್ಲಿ ಪರ್ಮನೆಂಟ್ ಅಡ್ರೆಸ್ ಅಂತ ತಂದೆ ಹೆಸರು, ಊರು, ಪೋಸ್ಟು, ತಾಲೂಕು. ಹುಡುಗಿಯರು ಹುಡುಗರ ಪುಸ್ತಕದಲ್ಲಿ ಅಡ್ರೆಸ್ ಬರೀತಿರ್ಲಿಲ್ಲ, ಆದ್ರೆ ಒಬ್ಬರದ್ದೊಬ್ಬರ ಪುಸ್ತಕದಲ್ಲಿ ಬರೀತಿದ್ರು, ಹಾಗಾಗಿ ಸಿಕ್ಕಿರೋ ಒಬ್ಬಿಬ್ರು ಹೆಣ್ಮಕ್ಕಳಿಗೆ ಅಟ್ಟದ ಮೇಲಿನ ಟ್ರಂಕ್ ತೆಗೆಸೋಕೆ ಹೇಳಿ. ಆ ಅಡ್ರೆಸ್ಸಿಗೆ ಒಂದೊಂದು ಪೋಸ್ಟ್‌ಕಾರ್ಡ್ ಹಾಕಿ, ಕಾರ್ಡ್ ಬೆಲೆ ಇವತ್ತಿಗೂ 50 ಪೈಸೆನೇ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೀರಿ: "ಇಂಥವರ ಮಗಳು ಇಂಥವಳು ನಮ್ಮ ಜೊತೆ ಓದಿದ್ರು, ಅವರಿಗೆ ಈ ನಂಬರ್ ತಲುಪಿಸಿ." ಪೋಸ್ಟ್‌ಕಾರ್ಡ್ ಯಾಕೆ ಅಂದ್ರೆ ಅದು ತೆರೆದ ಪತ್ರ, ಅಣ್ಣ ಓದ್ತಾನೆ, ಅತ್ತಿಗೆ ಓದ್ತಾಳೆ, ಯಾರಿಗೂ ಅನುಮಾನ ಬರೋಲ್ಲ. ತವರಲ್ಲಿ ತಂದೆ ಇಲ್ದಿದ್ರೂ ಅಣ್ಣನೋ ಅಣ್ಣನ ಮಗನೋ ಇರ್ತಾನೆ, ಹಳ್ಳಿ ಪೋಸ್ಟ್‌ಮ್ಯಾನ್‌ಗೆ ಮನೆತನದ ಹೆಸರು ಸಾಕು.

ನಿಮ್ಮದು ಬಾಗಲಕೋಟೆ ಕಡೆ ಅಂದ್ರಲ್ಲಾ, ಅಲ್ಲೊಂದು ತೊಡಕಿದೆ. ಆಲಮಟ್ಟಿ ಹಿನ್ನೀರಲ್ಲಿ ಹಳೇ ಬಾಗಲಕೋಟೆಯ ಎಷ್ಟೋ ಗಲ್ಲಿ, ಸುತ್ತಮುತ್ತಲ ಎಷ್ಟೋ ಹಳ್ಳಿ ಮುಳುಗಿವೆ, ಪುಸ್ತಕದಲ್ಲಿರೋ ಅಡ್ರೆಸ್ಸು ಈಗ ನೀರೊಳಗಿರಬಹುದು. ಅಂಥವರದ್ದು ನವನಗರದಲ್ಲಿ ಇಲ್ಲಾಂದ್ರೆ ಪುನರ್ವಸತಿ ಕೇಂದ್ರಗಳಲ್ಲಿ ವಿಚಾರಿಸಬೇಕು. ನವನಗರ ಸೆಕ್ಟರ್ ಲೆಕ್ಕದಲ್ಲಿದೆ, ಅಲ್ಲಿರೋ ನಿಮ್ಮ ಕ್ಲಾಸಿನ ಯಾರಿಗಾದ್ರೂ ಹೇಳಿ, ಹಳೇ ಓಣಿ ಹೆಸರು ಹೇಳಿದ್ರೆ "ಆ ಓಣಿಯವರೆಲ್ಲಾ ಇಂಥ ಸೆಕ್ಟರಿಗೆ ಹೋದ್ರು" ಅಂತ ಹಿರಿಯರು ಹೇಳ್ತಾರೆ. ಊರೇ ಮುಳುಗಿದ್ರೂ ಓಣಿ ಜನ ಒಬ್ಬರನ್ನೊಬ್ಬರು ಬಿಟ್ಟಿಲ್ಲ.

ಕಾಲೇಜ್ ಆಫೀಸಿಗೂ ಒಂದು ಪತ್ರ ಕೊಡಿ. ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್‌ನವರು ಬಂದಾಗ ಹಳೇ ವಿದ್ಯಾರ್ಥಿಗಳ ಸಂಘ ಏನು ಮಾಡ್ತಿದೆ ಅಂತ ಕೇಳ್ತಾರೆ, ಅದಕ್ಕೆ ಈಗ ಬಹಳ ಕಾಲೇಜಲ್ಲಿ ಈ ಕೆಲಸಕ್ಕೆ ಒಬ್ರು ಲೆಕ್ಚರರ್ ಇರ್ತಾರೆ. ಅಡ್ರೆಸ್ ಕೊಡಿ ಅಂತ ಕೇಳ್ಬೇಡಿ, ಕೊಡೋದು ಸರೀನೂ ಅಲ್ಲ, ನಮ್ಮ ಪತ್ರ ನೀವೇ ಅವರ ವಿಳಾಸಕ್ಕೆ ಕಳಿಸಿ ಅಂತ ಕೇಳಿ. ಪುಣೆಯಲ್ಲೇ ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಬರೋ ಹೆಣ್ಮಕ್ಕಳನ್ನ ನಿಮ್ಮ ಮನೆಯವರ ಮೂಲಕ ಕೇಳ್ಸಿ ನೋಡಿ, "ತವರು ಯಾವುದು" ಅನ್ನೋ ಒಂದು ಪ್ರಶ್ನೆಗೆ ಎಷ್ಟು ನಂಟು ಬಿಚ್ಕೊಳ್ಳುತ್ತೆ ಅಂತ ನಿಮಗೇ ಆಶ್ಚರ್ಯ ಆಗುತ್ತೆ.

ಒಬ್ಬಾಕಿ ನಂಬರ್ ಸಿಕ್ತು ಅಂತಿಟ್ಕೊಳ್ಳಿ. ಸೀದಾ ಗ್ರೂಪಿಗೆ ಹಾಕ್ಬೇಡಿ ಸರ್. ಮೊದಲು ಕ್ಲಾಸಿನ ಇನ್ನೊಬ್ಬ ಹೆಣ್ಮಗಳ ಕೈಲಿ ಫೋನ್ ಮಾಡ್ಸಿ, ಆಮೇಲೆ ಗ್ರೂಪಿನ ಲಿಂಕ್ ಕಳಿಸಿ, ಬರೋದು ಬಿಡೋದು ಅವರಿಷ್ಟ. ಗ್ರೂಪಲ್ಲಿ ನಂಬರ್ ಎಲ್ಲರಿಗೂ ಕಾಣುತ್ತೆ, ಎಲ್ಲಾ ಮನೆ ಒಂದೇ ತರ ಇರೋಲ್ಲ. ಒಬ್ಬಾಕಿ "ನಂಗೆ ಗ್ರೂಪ್ ಬೇಡ, ಆದ್ರೆ ನೀವು ಹುಡುಕಿದ್ರಲ್ಲಾ, ಸಾಕು" ಅಂದ್ರೆ ಅಲ್ಲಿಗೆ ಬಿಡಿ. ನೀವು ಅವಳನ್ನ ಕಂಡುಹಿಡಿದಿದೀರಿ, ಅವಳಿಗದು ಗೊತ್ತು.

ಅಕ್ಕಾ, ಕಾಲೇಜಿನ ಗ್ರೂಪಲ್ಲಿ ಗಂಡಸರೂ ಇದಾರೆ ಅಂತ ನಮ್ಮನೆಯವರಿಗೆ ಕಿರಿಕಿರಿ. ಮೆಸೇಜ್ ಬಂದ್ರೆ "ಯಾರದು" ಅಂತಾರೆ. ಬಿಟ್ಟುಬಿಡ್ಲಾ? ಮುಲುಂಡ್

ಬಿಡಬೇಡಮ್ಮಾ. ಫೋನ್ ಕೈಗೆ ಕೊಟ್ಟು ಓದಿ ತೋರಿಸು ಅಂತಾನೂ ಹೇಳೋಲ್ಲ, ಅದು ನಿನ್ನದು. ಬದ್ಲಿಗೆ ಮುಂಬಯಿಯಲ್ಲಿರೋ ಒಬ್ಬಿಬ್ರು ಕ್ಲಾಸ್‌ಮೇಟನ್ನ ಅವರವರ ಮನೆಯವರ ಜೊತೆ ಭಾನುವಾರ ಚಹಾಕ್ಕೆ ಕರಿ. ಬಂದೋನು ಮೊಮ್ಮಗನಿರೋ ಒಬ್ಬ ಬೋಳುತಲೆಯ ಅಜ್ಜ, ಶುಗರ್ ಮಾತ್ರೆ ತಗೊಂಡು ಸಕ್ಕರೆ ಇಲ್ಲದ ಚಹಾ ಕುಡಿಯೋನು ಅಂತ ನೋಡಿದ್ಮೇಲೆ ನಿಮ್ಮನೆಯವರೇ ಅವರ ಜೊತೆ ಪೆನ್ಷನ್ ಮಾತಾಡ್ತಾ ಕೂರ್ತಾರೆ. ಅದಾದ್ಮೇಲೂ ಕಿರಿಕಿರಿ ಮಾಡಿದ್ರೆ ಸ್ಪಷ್ಟವಾಗಿ ಹೇಳು, ನಂಗೂ ಮದುವೆಗೆ ಮುಂಚೆ ಒಂದು ಕ್ಲಾಸಿತ್ತು, ಅದು ನಂಗೆ ಬೇಕು ಅಂತ. ಧ್ವನಿ ಏರಿಸ್ಬೇಡ, ಆದ್ರೆ ಹೇಳು.

ನಮ್ಮ ಕ್ಲಾಸಿನ ಒಬ್ಬ ಗೆಳೆಯ ಹುಬ್ಬಳ್ಳಿಯಲ್ಲಿದ್ದಾನೆ, ಚಿಕ್ಕ ಕಿರಾಣಿ ಅಂಗಡಿ. ಅವನಿಗೆ ಕ್ಯಾನ್ಸರ್ ಅಂತ ಗೊತ್ತಾಗಿ ಗ್ರೂಪಲ್ಲಿ ದುಡ್ಡು ಸೇರಿಸೋ ಮಾತು ಬಂತು. ಒಬ್ರು ಅವನ ರಿಪೋರ್ಟ್ ಫೋಟೋ ಹಾಕಿದ್ರು, ಇನ್ನೊಬ್ರು ಯಾರು ಎಷ್ಟು ಕೊಟ್ರು ಅಂತ ಲಿಸ್ಟ್ ಹಾಕಿದ್ರು, ಜಗಳ ಆಗಿ ಇಬ್ರು ಎಕ್ಸಿಟ್. ನಾನು ಇಲ್ಲಿಂದ ಏನು ಮಾಡ್ಬಹುದು? ಮಡಗಾಂವ್, ಗೋವಾ

ಮೊದಲು ಆ ರಿಪೋರ್ಟ್ ಫೋಟೋ, ಆ ಲಿಸ್ಟು ಎರಡನ್ನೂ ಗ್ರೂಪಿಂದ ತೆಗೆಸಿ. ಯಾರು ಹಾಕಿದಾರೋ ಅವರು ಡಿಲೀಟ್ ಮಾಡ್ದಿದ್ರೆ ಅಡ್ಮಿನ್ ಮಾಡ್ಬಹುದು. ರಿಪೋರ್ಟು ಗೆಳೆಯನದ್ದು, ಅವನ ಹೆಂಡತಿಯನ್ನ ಕೇಳ್ದೇ ಹಾಕೋಕೆ ಯಾರಿಗೂ ಹಕ್ಕಿಲ್ಲ. ಲಿಸ್ಟಿನ ವಿಷಯಕ್ಕೆ ಬಂದ್ರೆ, ಐನೂರು ರೂಪಾಯಿ ಕೊಟ್ಟವನ ಕೈಯಲ್ಲಿ ದುಡ್ಡು ಕಮ್ಮಿ ಇರಬಹುದು, ಆದ್ರೂ ಅವನು ಮನೆ ಖರ್ಚಲ್ಲಿ ಕಡಿಮೆ ಮಾಡ್ಕೊಂಡು ಕೊಟ್ಟಿರ್ತಾನೆ. ಐವತ್ತು ಸಾವಿರದ ಕೆಳಗೆ ಅದನ್ನ ಬರೆದು ತೋರಿಸಿದ್ರೆ ಮುಂದಿನ ಸಲ ಅವನು ಕೊಡೋದೂ ಇಲ್ಲ, ಗ್ರೂಪಲ್ಲಿ ಉಳಿಯೋದೂ ಇಲ್ಲ. ಎಕ್ಸಿಟ್ ಆದ ಇಬ್ಬರಿಗೂ ನೀವೇ ಫೋನ್ ಮಾಡಿ, ಕಾರಣ ಬಹುಶಃ ಇದೇ ಇರುತ್ತೆ.

ದುಡ್ಡು ಸೇರಿಸೋಕೆ ಮುಂಚೆ ಸರ್ಕಾರದ ಸ್ಕೀಮ್ ನೋಡಿ. ಅವನು ಕರ್ನಾಟಕದವನಾದ್ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ವಯಿಸುತ್ತೆ, ಬಿಪಿಎಲ್ ಕಾರ್ಡಿದ್ರೆ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದ್ರೆ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ 1.5 ಲಕ್ಷದವರೆಗೆ. ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗ್ಬೇಕು, ಅಲ್ಲಿ ಆಗದ ಚಿಕಿತ್ಸೆಗೆ ಅವರು ರೆಫರಲ್ ಕೊಡ್ತಾರೆ, ಅದನ್ನ ತಗೊಂಡು ಸ್ಕೀಮಲ್ಲಿರೋ ಖಾಸಗಿ ಆಸ್ಪತ್ರೆಗೆ ಹೋಗ್ಬೇಕು. ಎಷ್ಟೋ ಜನ ಗಾಬರೀಲಿ ಸೀದಾ ಖಾಸಗಿ ಆಸ್ಪತ್ರೆಗೆ ಸೇರಿ ಆಮೇಲೆ ರೆಫರಲ್ ಇಲ್ಲ ಅಂತ ಒದ್ದಾಡ್ತಾರೆ. ಹುಬ್ಬಳ್ಳಿಯಲ್ಲೇ ಇರೋ ಕ್ಲಾಸ್‌ಮೇಟು ಒಬ್ಬ ರೇಷನ್ ಕಾರ್ಡು, ಆಧಾರ್ ಹಿಡ್ಕೊಂಡು ಅವನ ಮಗನ ಜೊತೆ ಸರ್ಕಾರಿ ಆಸ್ಪತ್ರೆಯ ಕೌಂಟರಿಗೆ ಹೋಗಿ ನಿಲ್ಲೋದು ದುಡ್ಡಿಗಿಂತ ದೊಡ್ಡ ಸಹಾಯ. ಗೋವಾದ ದೀನ ದಯಾಳ್ ಸ್ವಾಸ್ಥ್ಯ ಸೇವಾ ಕಾರ್ಡು ಗೋವಾದಲ್ಲಿ ವಾಸ ಇರೋರಿಗೆ ಮಾತ್ರ, ಅವನಿಗದು ಆಗಲ್ಲ, ಆದ್ರೆ ನಿಮ್ಮದು ಮಾಡಿಸ್ಕೊಂಡಿಲ್ದಿದ್ರೆ ನೀವು ಮಾಡಿಸ್ಕೊಳ್ಳಿ.

ಸ್ಕೀಮಲ್ಲಿ ಬರದ ಖರ್ಚು ಬಹಳ ಇರುತ್ತೆ, ಓಡಾಟ, ಊಟ, ಹೊರಗಿನ ಮಾತ್ರೆ, ಅಂಗಡಿ ಮುಚ್ಚಿದ ದಿನಗಳ ನಷ್ಟ. ಅದಕ್ಕೆ ದುಡ್ಡು ಸೇರಿಸಿ. ನಂಬಿಕಸ್ಥ ಒಬ್ರು ಲೆಕ್ಕ ಇಟ್ಕೊಳ್ಳಲಿ, ಇನ್ನೊಬ್ರು ನೋಡ್ಲಿ, ಗ್ರೂಪಿಗೆ ಒಟ್ಟು ಮೊತ್ತ ಒಂದೇ ಹೇಳಿ. ಆಸ್ಪತ್ರೆ ಬಿಲ್ ಆದ್ರೆ ಆಸ್ಪತ್ರೆ ಖಾತೆಗೇ ಕಟ್ಟಿ, ಮನೆ ಖರ್ಚಿಂದು ಅವನ ಹೆಂಡತಿ ಖಾತೆಗೆ. ನೀವು ಮಡಗಾಂವಿನಲ್ಲಿದೀರಿ, ಹುಬ್ಬಳ್ಳಿಗೆ ರೈಲೂ ಇದೆ ಬಸ್ಸೂ ಇದೆ, ಒಂದು ಸಲ ಹೋಗಿ ಅವನ ಹತ್ರ ಕೂತು ಬನ್ನಿ. ಕಾಯಿಲೆ ಮಾತು ಅವನೇ ತೆಗೆದ್ರೆ ಮಾತಾಡಿ, ಇಲ್ಲಾಂದ್ರೆ ಕಾಲೇಜಿನ ಮಾತು ಮಾತಾಡಿ, ಅಂಗಡಿ ವ್ಯಾಪಾರ ಕೇಳಿ. ರೋಗ ಬಂದ ದಿನದಿಂದ ಅವನನ್ನ ಎಲ್ಲರೂ ರೋಗಿ ಅಂತಾನೇ ಮಾತಾಡಿಸ್ತಿರ್ತಾರೆ, ನೀವಾದ್ರೂ ಕಾಲೇಜಲ್ಲಿ ಇಟ್ಟಿದ್ದ ತಮಾಷೆ ಹೆಸರಿಂದ ಕರೀರಿ.

ಜನವರಿ ಸಮ್ಮೇಳನಕ್ಕೆ ಮುಂಬಯಿ, ಪುಣೆಯಿಂದ ನಾವು ಆರು ಜನ ಧಾರವಾಡಕ್ಕೆ ಹೊರಟಿದೀವಿ. ಟಿಕೆಟ್ ಯಾವಾಗ ಮಾಡ್ಬೇಕು? ಎಲ್ರಿಗೂ ಮಂಡಿ ನೋವು. ಘಾಟ್‌ಕೋಪರ್

ರಿಸರ್ವೇಶನ್ ಈಗ 60 ದಿನ ಮುಂಚೆ ಮಾತ್ರ ತೆಗೀತಾರೆ, ಹಿಂದೆ 120 ಇತ್ತು, 2024ರ ನವೆಂಬರಿಂದ ಬದ್ಲಾಗಿದೆ. ಸೀನಿಯರ್ ಸಿಟಿಜನ್ ರಿಯಾಯಿತಿ 2020ರಲ್ಲಿ ನಿಲ್ಲಿಸಿದಾರೆ, ಅದನ್ನ ಲೆಕ್ಕಕ್ಕೆ ತಗೋಬೇಡಿ. ಲೋಯರ್ ಬರ್ತ್ ಕೋಟಾ ಬೇಕಂದ್ರೆ ಆರು ಜನರದ್ದು ಒಂದೇ ಟಿಕೆಟ್ ಮಾಡ್ಬೇಡಿ, ಒಬ್ರದ್ದೋ ಇಬ್ರದ್ದೋ ಬೇರೆ ಬೇರೆ ಮಾಡಿ. ದಾದರಿಂದ ಶರಾವತಿ, ಚಾಲುಕ್ಯ ಇವೆ, ದಿನಾ ಇಲ್ಲ, ವಾರ ನೋಡ್ಕೊಳ್ಳಿ. ಪುಣೆಯಿಂದ ಹುಬ್ಬಳ್ಳಿಗೆ 2024ರ ಸೆಪ್ಟೆಂಬರಿಂದ ವಂದೇ ಭಾರತ್ ಇದೆ, ವಾರಕ್ಕೆ ಮೂರು ದಿನ, ಧಾರವಾಡದಲ್ಲಿ ನಿಲ್ಲುತ್ತೆ, ಆದ್ರೆ ಅದು ಕೂತೇ ಹೋಗೋ ಗಾಡಿ, ಮಂಡಿ ನೋವಿನೋರಿಗೆ ರಾತ್ರಿ ಗಾಡೀನೇ ವಾಸಿ. ನಮ್ಮ ಕಾಲೇಜು ದಿನದಲ್ಲಿ ಮೀರಜಲ್ಲಿ ಇಳಿದು, ಹೋಲ್ಡಾಲು ಟ್ರಂಕು ಹೊತ್ಕೊಂಡು ಸಣ್ಣ ಹಳಿಯ ಮೀಟರ್ ಗೇಜ್ ಗಾಡಿಗೆ ಓಡ್ತಿದ್ವಲ್ಲಾ, ಜಾಗ ಹಿಡಿಯೋಕೆ ಕಿಟಕಿಯಿಂದ ಟವೆಲ್ ಎಸೀತಿದ್ವಲ್ಲಾ, ಈಗ ಮಲಗಿದ ಜಾಗದಲ್ಲೇ ಮೀರಜ್ ದಾಟಿ ಹೋಗ್ತೀರಿ. ಎಚ್ಚರ ಇದ್ರೆ ಒಂದ್ಸಲ ಪ್ಲಾಟ್‌ಫಾರ್ಮ್ ನೋಡಿ.

ಅಕ್ಕನವರಿಗೆ ನಮಸ್ಕಾರ. ನಾನು ಕುಂದಾಪುರ ಕಡೆಯವ, 1968ರಲ್ಲಿ ಹೋಟೆಲ್ ಕೆಲಸಕ್ಕೆ ಅಂತ ಮುಂಬಯಿಗೆ ಬಂದವ. ಹಗಲು ಟೇಬಲ್ ಒರೆಸಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮಾಡಿದೆ, ಆಮೇಲೆ ಬೆಳಿಗ್ಗೆಯ ಕಾಲೇಜಲ್ಲಿ ಡಿಗ್ರಿ. ನಮ್ಮ ಜೊತೆ ಓದಿದ ಎಂಟು ಹತ್ತು ಮಂದಿ ಈಗಲೂ ಇದ್ದಾರೆ, ವಿರಾರದಿಂದ ಕಲ್ಯಾಣದವರೆಗೆ ಚದುರಿಹೋಗಿದ್ದಾರೆ, ಎಲ್ಲ ಎಪ್ಪತ್ತು ದಾಟಿದವರು. ಕೆಲವರು ಬ್ಯಾಂಕ್ ಆಫೀಸರ್ ಆದ್ರು, ಒಬ್ರು ವಕೀಲ್ರು. ನನ್ನದು ಕಡೇತನಕ ಹೋಟೆಲೇ. ಒಮ್ಮೆ ಎಲ್ರನ್ನೂ ಕೂಡಿಸ್ಬೇಕು ಅಂತ ಆಸೆ. ಅವರು ಬರ್ತಾರಾ? ಎಲ್ಲಿ ಮಾಡೋದು? ಭಾಂಡುಪ್

ಅಣ್ಣಾ, ಬರ್ತಾರೆ. ನೀವು ಕರೆದ್ರೆ ಬರ್ತಾರೆ. ಬೇರೆ ಕಾಲೇಜಿನ ಬ್ಯಾಚಿನವರು ಒಟ್ಟಿಗೆ ಸಿನೆಮಾ ನೋಡಿದ್ದು, ಪಿಕ್ನಿಕ್ ಹೋಗಿದ್ದು ನೆನಪಿಸ್ಕೊಳ್ತಾರೆ, ನಿಮ್ಮ ಬ್ಯಾಚಿನವರು ಮಾಲೀಕರಿಗೆ ಹೇಳಿ ಒಂದು ಗಂಟೆ ಮುಂಚೆ ಬಿಡಿಸ್ಕೊಂಡು ಕ್ಲಾಸಿಗೆ ಓಡಿದ್ದನ್ನ, ಕೈಗೆ ಸಾಂಬಾರ್ ವಾಸನೆ ಇಟ್ಕೊಂಡೇ ಲೆಕ್ಕ ಬರೆದಿದ್ದನ್ನ, ಹೋಟೆಲ್ ಮುಚ್ಚಿದ ಮೇಲೆ ಅದೇ ಟೇಬಲ್ಲುಗಳನ್ನ ಜೋಡಿಸಿ ಮೇಲೆ ಹಾಸ್ಕೊಂಡು ಮಲಗಿ ಬೀದಿ ದೀಪದಲ್ಲಿ ಓದಿದ್ದನ್ನ ನೆನಪಿಸ್ಕೊಳ್ತಾರೆ. ಬ್ಯಾಂಕ್ ಆಫೀಸರ್ ಆದವರ ಮನೇಲಿ ಮಕ್ಕಳಿಗೆ ಮೊಮ್ಮಕ್ಕಳಿಗೆ ಆ ದಿನ ಗೊತ್ತಿಲ್ಲ, ಹೇಳಿದ್ರೂ ಅರ್ಥ ಆಗೋದು ಕಷ್ಟ, ಅದನ್ನ ಕಂಡೋರು ನೀವೇ ಹತ್ತು ಜನ. ಹೋಟೆಲಲ್ಲೇ ಇದ್ದೆ ಅಂತ ನೀವು ಹಿಂಜರಿಯೋದು ಬೇಡವೇ ಬೇಡ, ಎಲ್ಲರೂ ಶುರು ಮಾಡಿದ್ದು ಅಲ್ಲಿಂದಲೇ.

ಬೆಳಿಗ್ಗೆಯ ಕಾಲೇಜು ಅಂದ್ರಲ್ಲಾ, ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ 1946ರಲ್ಲಿ ಫೋರ್ಟಿನ ಸಿದ್ಧಾರ್ಥ ಕಾಲೇಜು ಶುರು ಮಾಡಿದಾಗ ಬೆಳಿಗ್ಗೆ ಕ್ಲಾಸು ಇಟ್ಟಿದ್ದೇ ಕೆಲಸ ಮಾಡೋ ಹುಡುಗರಿಗಾಗಿ. ರಾತ್ರಿ ಶಾಲೆ, ಬೆಳಗಿನ ಕಾಲೇಜು ಇವೆರಡೂ ಇಲ್ದಿದ್ರೆ ಮುಂಬಯಿಯ ನಮ್ಮ ಎಷ್ಟೋ ಕನ್ನಡಿಗರು ಓದ್ತಾನೇ ಇರ್ಲಿಲ್ಲ. ಈ ಕತೆಗಳು ನಿಮ್ಮ ತಲೆಮಾರಿನ ಜೊತೆ ಹೋಗ್ಬಾರ್ದು, ಹಾಗಾಗಿ ಸೇರೋ ದಿನ ಒಬ್ಬ ಮೊಮ್ಮಗನನ್ನೋ ಮೊಮ್ಮಗಳನ್ನೋ ಕರ್ಕೊಂಡು ಬನ್ನಿ, ಫೋನಲ್ಲಿ ಎಲ್ಲರ ಮಾತು ರೆಕಾರ್ಡ್ ಮಾಡ್ಲಿ. ಯಾವ ಹೋಟೆಲು, ಯಾವ ಗಲ್ಲಿ, ಸಂಬಳ ಎಷ್ಟು, ಯಾವ ಮೇಷ್ಟ್ರು ಫೀಸ್ ಬಿಟ್ಟುಕೊಟ್ರು, ಎಲ್ಲಾ ಹೇಳಿ.

ಜಾಗ ಮಾಟುಂಗಾ ಮಾಡಿ. ಸೆಂಟ್ರಲ್ ಲೈನಿಂದ ಬರೋರಿಗೆ ಮಾಟುಂಗಾ, ವೆಸ್ಟರ್ನಿಂದ ಬರೋರಿಗೆ ಮಾಟುಂಗಾ ರೋಡ್, ಎರಡು ಲೈನಿನವರಿಗೂ ದಾದರಲ್ಲಿ ಬ್ರಿಜ್ ಹತ್ತಿ ಗಾಡಿ ಬದ್ಲಾಯಿಸೋ ಕಷ್ಟ ಇಲ್ಲ. ಸ್ಟೇಷನ್ನಿಂದ ಟ್ಯಾಕ್ಸಿ ಮಾಡ್ಕೊಳ್ಳಿ, ನಡೀಬೇಡಿ. ಬಾಳೆಎಲೆ ಊಟದ ನಮ್ಮವರ ಹೋಟೆಲು ಅಲ್ಲಿ ಬೇಕಾದಷ್ಟಿವೆ, ನಿಮಗೆ ನಾನು ಹೇಳ್ಕೊಡೋದೇನಿದೆ, ಮಾಲೀಕರಲ್ಲಿ ಅರ್ಧ ಜನ ನಿಮಗೆ ಪರಿಚಯ ಇರ್ತಾರೆ. ಕೂತು ಮಾತಾಡೋಕೆ ಜಾಗ ಬೇಕಂದ್ರೆ ಭಾವು ದಾಜಿ ರೋಡಿನ ಮೈಸೂರು ಅಸೋಸಿಯೇಷನ್ನಲ್ಲಿ ವಿಚಾರಿಸಿ, 1926ರಿಂದ ಇರೋ ಸಂಸ್ಥೆ. ಹನ್ನೊಂದು ಗಂಟೆ ಮೇಲೆ ಸೇರಿ ಮೂರೂವರೆ ಒಳಗೆ ಹೊರಡಿ, ಗರ್ದಿ ಇರೋಲ್ಲ. ಭಾನುವಾರ ಆದ್ರೆ ಹಳಿ ರಿಪೇರಿಗೆ ಅಂತ ಮೆಗಾ ಬ್ಲಾಕ್ ಇರುತ್ತೆ, ಮಾಟುಂಗಾ ಮುಲುಂಡ್ ನಡುವೇನೇ ಬಹಳ ಸಲ ಹಾಕ್ತಾರೆ, ನಿಮ್ಮ ಭಾಂಡುಪ್ಪೂ ಅದರಲ್ಲೇ ಬರುತ್ತೆ, ಅದಕ್ಕೆ ಶನಿವಾರಾನೇ ಇಟ್ಕೊಳ್ಳೋದು ವಾಸಿ. ವಿರಾರದವರನ್ನ ಒಬ್ಬರೇ ಬರೋಕೆ ಬಿಡಬೇಡಿ, ಬೊರಿವಿಲಿಯಲ್ಲೋ ಅಂಧೇರಿಯಲ್ಲೋ ಇರೋರ ಮಗ ಹೋಗಿ ಕರ್ಕೊಂಡು ಬರ್ಲಿ. ಕರೆಯೋಕೆ ಮೆಸೇಜ್ ಕಳಿಸ್ಬೇಡಿ, ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಿ, ಕಿವಿ ಮಂದ ಇರೋರ ಮನೇಲಿ ಸೊಸೆ ಹತ್ರ ಮಾತಾಡಿ ತಾರೀಖು ಕ್ಯಾಲೆಂಡರಲ್ಲಿ ಬರೆಸಿ. ಆಗಿದ್ದೇನು ಅಂತ ನಂಗೆ ಬರೀರಿ, ಆ ರೆಕಾರ್ಡಿಂಗ್ ಯಾರಾದ್ರೂ ಅಕ್ಷರಕ್ಕಿಳಿಸಿ ಕೊಟ್ರೆ ಇದೇ ಅಂಕಣದಲ್ಲಿ ಹಾಕೋಕೆ ಸಂಪಾದಕರನ್ನ ನಾನು ಕೇಳ್ತೀನಿ.